ಹಳೆಯ ತಾರೀಖಿನ ಕಾಗದ

2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ನಮ್ಮ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಸ್ವಾಧೀನವನ್ನು ಕೈಬಿಡುವುದಾಗಿ ಹೇಳಿದರು. ಹದಿಮೂರು ಹಳ್ಳಿಗಳ ರೈತರು 2022ರ ಏಪ್ರಿಲ್‌ನಿಂದ ಧರಣಿ ಕೂತಿದ್ದರು; ಅಂದಿಗೆ 1,198 ದಿನ. ಸುದ್ದಿ ಬಂದ ಹೊತ್ತಿಗೆ ನಾನು ವಿಜಯಪುರದ ನನ್ನ ಮನೆಯಲ್ಲಿದ್ದೆ. ತಮ್ಮ ಫೋನ್ ಮಾಡಿ ಏನೋ ಹೇಳಲು ಹೋಗಿ ಹೇಳಲಾಗದೆ ಇಟ್ಟುಬಿಟ್ಟ. ಮರುದಿನ ಬೆಳಿಗ್ಗೆಯ ಬಸ್ಸಿಗೇ ಊರಿಗೆ ಹೋದೆ.

ಮನೆಯ ನಡುಮನೆ ತುಂಬ ಕಾಗದ ಹರಡಿತ್ತು. ಪಹಣಿ, ಮ್ಯುಟೇಶನ್, ತಾತನ ಕಾಲದ ಕ್ರಯಪತ್ರ, ಕಂದಾಯದ ರಸೀದಿಗಳು, ನೋಟಿಸುಗಳು, ಆಕ್ಷೇಪಣೆಯ ಪ್ರತಿಗಳು. ಮೂರು ವರ್ಷ ಯಾವ ಕಚೇರಿಯವರು ಯಾವಾಗ ಏನು ಕೇಳುತ್ತಾರೋ ಎಂದು ಹೊರಗೇ ಇಟ್ಟುಕೊಂಡಿದ್ದವು. ಅವನ್ನೆಲ್ಲ ಮತ್ತೆ ಅಪ್ಪನ ತಗಡಿನ ಟ್ರಂಕಿಗೆ ಸೇರಿಸೋಣ ಎಂದು ಇಬ್ಬರೂ ಕೂತೆವು. ಟ್ರಂಕಿನ ತಳಕ್ಕೆ ಹಾಸಿದ್ದ ಹಳೆಯ ಪೇಪರು ಪುಡಿಪುಡಿಯಾಗಿತ್ತು. ಅದನ್ನು ತೆಗೆದಾಗ ಕೆಳಗೆ ದಾರ ಕಟ್ಟಿದ್ದ ಒಂದು ಕಟ್ಟು ಸಿಕ್ಕಿತು. ಎಲ್ಲ ನೀಲಿ ಇನ್‌ಲ್ಯಾಂಡ್ ಲೆಟರುಗಳು. ಚಿಕ್ಕಪ್ಪನ ಅಕ್ಷರ.

ಒಂದು ಮಾತ್ರ ಕಟ್ಟಿನಿಂದ ಬೇರೆಯಾಗಿತ್ತು. ನಾಲ್ಕು ಮಡಿಕೆ ಮಡಿಸಿ ಕಂದಾಯದ ರಸೀದಿಯೊಳಗೆ ಸಿಕ್ಕಿಸಿಟ್ಟಿದ್ದರು. ಕಳಿಸಿದವರ ವಿಳಾಸದಲ್ಲಿ ಹೆಸರಿನ ಕೆಳಗೆ 'ಫ್ಲೀಟ್ ಮೇಲ್ ಆಫೀಸ್, ಬಾಂಬೆ' ಎಂದಿತ್ತು. ನಮ್ಮ ವಿಳಾಸದಲ್ಲಿ ಅಪ್ಪನ ಹೆಸರು, ಚನ್ನರಾಯಪಟ್ಟಣ, ಮೈಸೂರು ರಾಜ್ಯ, ಇಷ್ಟೇ. ದೇವನಹಳ್ಳಿ ತಾಲ್ಲೂಕು ಎಂದು ಬರೆಯುವುದನ್ನು ಅವಸರದಲ್ಲಿ ಬಿಟ್ಟಿದ್ದರು. ಆಗಿನ್ನೂ ಪಿನ್‌ಕೋಡ್ ಬಂದಿರಲಿಲ್ಲ. ಹಾಗಾಗಿ ಕಾಗದ ಹಾಸನ ಜಿಲ್ಲೆಯ ಚನ್ನರಾಯಪಟ್ಟಣಕ್ಕೆ ಹೋಗಿ, ಅಲ್ಲಿಯ ಮುದ್ರೆ ಹಾಕಿಸಿಕೊಂಡು, ಯಾರೋ ಪುಣ್ಯಾತ್ಮರು ಕೆಂಪು ಶಾಯಿಯಲ್ಲಿ ತಿದ್ದಿದ ಮೇಲೆ ನಮ್ಮ ಕಡೆ ಬಂದಿತ್ತು. ಒಳಗೆ ಬಲಗಡೆ ಮೂಲೆಯಲ್ಲಿ ತಾರೀಖು: 24-11-71.

ಆ ತಾರೀಖನ್ನು ನೋಡಿ ನಾನು ಬಹಳ ಹೊತ್ತು ಏಳಲಿಲ್ಲ. ಯಾಕೆಂದು ಹೇಳುವುದಕ್ಕೆ ಮೊದಲು ಚಿಕ್ಕಪ್ಪನ ವಿಷಯ ಹೇಳಬೇಕು. ಅವರ ಹೆಸರನ್ನೂ ಅವರಿದ್ದ ಬೋಟಿನ ಹೆಸರನ್ನೂ ಬರೆಯಬೇಡವೆಂದು ಚಿಕ್ಕಮ್ಮ ಹೇಳಿದ್ದಾರೆ. ಜಲಾಂತರ್ಗಾಮಿಯನ್ನು ನೌಕಾಪಡೆಯವರು ಹಡಗು ಎನ್ನುವುದಿಲ್ಲ, ಬೋಟು ಎನ್ನುತ್ತಾರೆ.

ತಾತ ತೀರಿಕೊಂಡಾಗ ಅಪ್ಪನಿಗೆ ಹತ್ತೊಂಬತ್ತು, ಚಿಕ್ಕಪ್ಪನಿಗೆ ಹನ್ನೊಂದು. ಅಪ್ಪ ನೇಗಿಲು ಹಿಡಿದರು, ತಮ್ಮನನ್ನು ಓದಿಸಿದರು. ರಾಗಿ, ಅವರೆ, ಹುಚ್ಚೆಳ್ಳು, ಕೆರೆಯ ಹಿಂದೆ ಒಂದಿಷ್ಟು ಹಿಪ್ಪುನೇರಳೆ. ಹುಳು ಸಾಕಿ ಗೂಡು ಮಾರಿದ ದುಡ್ಡು ನೇರವಾಗಿ ಬೆಂಗಳೂರಿನ ಹಾಸ್ಟೆಲಿಗೆ ಹೋಗುತ್ತಿತ್ತು. ಚಿಕ್ಕಪ್ಪ ಕೆ.ಆರ್. ಸರ್ಕಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಓದಿದರು. ವಿಶ್ವೇಶ್ವರಯ್ಯನವರು 1917ರಲ್ಲಿ ಕಟ್ಟಿಸಿದ ಕಾಲೇಜು. ನಂದಿಬೆಟ್ಟದ ಆಚೆ ಮಗ್ಗುಲಿನ ಮುದ್ದೇನಹಳ್ಳಿಯ ಹುಡುಗ ಅಷ್ಟು ದೊಡ್ಡವನಾದ ಮೇಲೆ ಈಚೆ ಮಗ್ಗುಲಿನ ನಮ್ಮ ಹುಡುಗ ಯಾಕಾಗಬಾರದು ಎಂಬುದು ಅಪ್ಪನ ಲೆಕ್ಕ. ವಿದ್ಯುತ್ ಮಂಡಳಿಯಲ್ಲಿ ಕೆಲಸ ಸಿಕ್ಕಿ, ಊರಿಗೆ ಕಂಬ ಹಾಕಿಸುತ್ತಾನೆ ಎಂದು ಕಾದಿದ್ದರು. ಚಿಕ್ಕಪ್ಪ ನೌಕಾಪಡೆಗೆ ಸೇರಿದರು. ಸಮುದ್ರವನ್ನೇ ನೋಡದ ಊರಿನಿಂದ ನೌಕಾಪಡೆಗೆ! ಅದರಲ್ಲೂ ಮೇಲೆ ತೇಲುವುದಲ್ಲ, ಒಳಗೆ ಮುಳುಗುವುದು. ಅಜ್ಜಿ ಎದೆಯ ಮೇಲೆ ಕೈ ಇಟ್ಟುಕೊಂಡು, "ನೀರೊಳಗೆ ಉಸಿರು ಹೆಂಗೋ ತಗೋತೀಯ ಮಗ?" ಎಂದು ಕೇಳಿದ್ದು ನಮ್ಮ ಮನೆಯಲ್ಲಿ ಮೊಮ್ಮಕ್ಕಳವರೆಗೂ ಉಳಿದ ಮಾತು.

ಭಾರತಕ್ಕೆ ಆಗ ಜಲಾಂತರ್ಗಾಮಿಗಳೇ ಹೊಸದು. ನಮ್ಮ ಮೊದಲ ಅಧಿಕಾರಿಗಳು ಬ್ರಿಟನ್ನಿನಲ್ಲಿ ಕಲಿತರು, ಆದರೆ ಬೋಟುಗಳನ್ನು ಕೊಟ್ಟದ್ದು ಸೋವಿಯತ್ ಒಕ್ಕೂಟ. ಮೊದಲನೆಯದು ಐಎನ್‌ಎಸ್ ಕಲ್ವರಿ, 1967ರ ಡಿಸೆಂಬರ್ 8ರಂದು ರಿಗಾ ಬಂದರಿನಲ್ಲಿ ಕಮಾಂಡರ್ ಕೆ.ಎಸ್. ಸುಬ್ರಮಣಿಯನ್ ಅವರ ಕೈಗೆ ಬಂತು. ಮುಂದಿನ ವರ್ಷ ಖಂಡೇರಿ. 1969ರಲ್ಲಿ ಕರಂಜ್ ಮತ್ತು ಕುರ್ಸುರ. ಸಿಬ್ಬಂದಿ ಮೊದಲು ವ್ಲಾದಿವೊಸ್ತೊಕ್‌ನ ಹಿಮದಲ್ಲಿ ರಷ್ಯನ್ ಭಾಷೆ ಕಲಿಯಬೇಕು, ಯಾಕೆಂದರೆ ಬೋಟಿನ ಒಂದೊಂದು ಕವಾಟದ ಮೇಲೂ ಬರೆದಿದ್ದು ರಷ್ಯನ್ನಿನಲ್ಲೇ. 1967ರ ಅರಬ್-ಇಸ್ರೇಲ್ ಯುದ್ಧದಿಂದ ಸೂಯೆಜ್ ಕಾಲುವೆ ಮುಚ್ಚಿತ್ತು. ಹಾಗಾಗಿ ನಾಲ್ಕೂ ಬೋಟುಗಳು ಇಡೀ ಆಫ್ರಿಕಾವನ್ನು ಸುತ್ತಿಕೊಂಡು ವಿಶಾಖಪಟ್ಟಣಕ್ಕೆ ಬಂದವು. ಚಿಕ್ಕಪ್ಪ ಹಾಗೆ ಸುತ್ತಿ ಬಂದವರಲ್ಲೊಬ್ಬರು. ಬರುವಾಗ ಅಜ್ಜಿಗೆ ಒಂದು ಉಣ್ಣೆಯ ಶಾಲು ತಂದಿದ್ದರು. ನಮ್ಮ ಸೆಕೆಯ ಊರಿನಲ್ಲಿ ಅದನ್ನು ಅಜ್ಜಿ ಧನುರ್ಮಾಸದ ಪೂಜೆಗೆ ಮಾತ್ರ ಹೊದೆಯುತ್ತಿದ್ದರು.

ಆ ಬದುಕು ಎಂಥದಿತ್ತೆಂದು ನನಗೆ ಕಣ್ಣಾರೆ ತಿಳಿದದ್ದು ಬಹಳ ವರ್ಷದ ಮೇಲೆ, ಶಾಲೆಯ ಸಹೋದ್ಯೋಗಿಗಳೊಂದಿಗೆ ವಿಶಾಖಪಟ್ಟಣಕ್ಕೆ ಹೋದಾಗ. ಅಲ್ಲಿಯ ಆರ್.ಕೆ. ಬೀಚಿನ ಮರಳ ಮೇಲೆ ಕುರ್ಸುರವನ್ನೇ ಎಳೆದು ತಂದು ನಿಲ್ಲಿಸಿದ್ದಾರೆ. 2001ರಲ್ಲಿ ಸೇವೆಯಿಂದ ನಿವೃತ್ತಿಯಾಗಿ, 2002ರಿಂದ ಅದು ವಸ್ತುಸಂಗ್ರಹಾಲಯ. ಹೊರಗಿನಿಂದ ನೋಡಿದರೆ ಬೃಹತ್ತು, ತೊಂಬತ್ತೊಂದು ಮೀಟರ್ ಉದ್ದ. ಒಳಗೆ ಇಳಿದರೆ ಇಬ್ಬರು ಎದುರುಬದುರಾಗಿ ದಾಟಲಾರದ ಓಣಿ. ಏಳು ಕೋಣೆಗಳು, ಒಂದರಿಂದ ಒಂದಕ್ಕೆ ಹೋಗಲು ದುಂಡನೆಯ ಕಿಂಡಿ. ಮೊದಲು ಕಾಲು ಹಾಕಿ, ತಲೆ ಬಗ್ಗಿಸಿ, ನುಸುಳಬೇಕು. ಟಾರ್ಪಿಡೋ ಹಾರಿಸುವ ಕೊಳವೆಗಳು ಹತ್ತು, ತುಂಬುವ ಟಾರ್ಪಿಡೋ ಇಪ್ಪತ್ತೆರಡು, ಅವುಗಳ ಪಕ್ಕದಲ್ಲೇ ಮಲಗುವ ಹಾಸಿಗೆ. ಎಪ್ಪತ್ತೈದು ಜನರಿಗೆ ಬೆರಳೆಣಿಕೆಯ ಶೌಚಾಲಯ. ಸ್ನಾನವೆಂಬುದು ತಿಂಗಳುಗಟ್ಟಲೆ ಇಲ್ಲ, ನೀರು ಕುಡಿಯಲು ಮತ್ತು ಅಡುಗೆಗೆ. ನನ್ನ ಜೊತೆಗಿದ್ದ ಮೇಡಮ್ಮೊಬ್ಬರು ಮೂರನೆಯ ಕೋಣೆಗೇ ಉಸಿರು ಕಟ್ಟಿದಂತಾಗಿ ವಾಪಸ್ ಹೋದರು. ಅಲ್ಲಿ ದೀಪ ಇತ್ತು, ಏಸಿ ಇತ್ತು, ಬೋಟು ಮರಳ ಮೇಲಿತ್ತು.

ಅಧಿಕಾರಿಗಳ ಕೋಣೆಯ ನೆಲದಡಿ ಬ್ಯಾಟರಿಗಳು. ಅಲ್ಲಿ ನಾನು ಸುಮ್ಮನೆ ನಿಂತೆ. ಚಿಕ್ಕಪ್ಪ ಕಾದದ್ದು ಅದನ್ನೇ. ನೀರೊಳಗೆ ಡೀಸೆಲ್ ಎಂಜಿನ್ ಓಡುವುದಿಲ್ಲ, ಅದಕ್ಕೆ ಗಾಳಿ ಬೇಕು. ಹಗಲೆಲ್ಲ ಬ್ಯಾಟರಿಯ ಮೇಲೆ ಸದ್ದಿಲ್ಲದೆ ಚಲಿಸಬೇಕು. ರಾತ್ರಿ ಮೇಲಕ್ಕೆ ಬಂದು, ಸ್ನಾರ್ಕೆಲ್ ಎಂಬ ಕೊಳವೆಯನ್ನಷ್ಟೇ ನೀರಿನ ಮೇಲೆ ಎತ್ತಿ, ಗಾಳಿ ಎಳೆದುಕೊಂಡು ಎಂಜಿನ್ ಓಡಿಸಿ ಬ್ಯಾಟರಿ ತುಂಬಿಸಬೇಕು. ತುಂಬುವಾಗ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಮುಟ್ಟಿದರೆ ಒಂದು ಕಿಡಿ ಸಾಕು. ಆ ಮೀಟರನ್ನು ನೋಡುತ್ತಾ ಕೂರುವುದು ಎಲೆಕ್ಟ್ರಿಕಲ್ ಅಧಿಕಾರಿಯ ಕೆಲಸ. ಚಿಕ್ಕಪ್ಪ ಹಾಗೆ ಕೂತಾಗ ಅವರಿಗೆ ಇಪ್ಪತ್ತಾರು ವರ್ಷ. ನನ್ನ ಹಳೆಯ ವಿದ್ಯಾರ್ಥಿಗಳು ಆ ವಯಸ್ಸಿನಲ್ಲಿ ಮದುವೆಗೆ ಹೆಣ್ಣು ಹುಡುಕಿಸಿಕೊಳ್ಳುತ್ತಿರುತ್ತಾರೆ.

1971ರ ಡಿಸೆಂಬರಿನಲ್ಲಿ ನಾನು ನಾಲ್ಕನೇ ಕ್ಲಾಸು. ಊರಿಗೆ ಊರೇ ಕಣದಲ್ಲಿತ್ತು. ರಾಗಿ ತೆನೆ ಹಾಸಿ, ಗುಂಡು ಎಳೆಸಿ, ತೂರುವ ಕಾಲ. ಸಾಯಂಕಾಲ ಗಂಡಸರೆಲ್ಲ ರೇಡಿಯೋ ಇದ್ದವರ ಜಗಲಿಯಲ್ಲಿ ಸೇರುತ್ತಿದ್ದರು. 3ನೇ ತಾರೀಖು ಯುದ್ಧ ಶುರು. 4ರ ರಾತ್ರಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿ ಬಂದರಿಗೆ ಬೆಂಕಿಯಿಟ್ಟವೆಂದು ಕೇಳಿ ಜಗಲಿಯಲ್ಲಿ ಜೈಕಾರ ಎದ್ದಿತು. ನಮ್ಮ ಮನೆಗೆ ಬಂದು ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿದವರೂ ಇದ್ದರು, ಆ ದೋಣಿಗಳನ್ನು ನಡೆಸಿದ್ದು ಚಿಕ್ಕಪ್ಪನೇ ಎಂಬಂತೆ. ಆಮೇಲೆ ಇನ್ನೊಂದು ಸುದ್ದಿ ಬಂತು. 9ರ ರಾತ್ರಿ ದಿಯು ತೀರದಾಚೆ ನಮ್ಮ ಖುಕ್ರಿ ಎಂಬ ಯುದ್ಧನೌಕೆಯನ್ನು ಪಾಕಿಸ್ತಾನದ ಹ್ಯಾಂಗೋರ್ ಎಂಬ ಜಲಾಂತರ್ಗಾಮಿ ಹೊಡೆದು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗಿನೊಂದಿಗೇ ಹೋದರು. 18 ಅಧಿಕಾರಿಗಳು, 176 ನಾವಿಕರು.

ಚಿಕ್ಕಪ್ಪ ಯಾವ ಹಡಗಿನಲ್ಲಿದ್ದಾರೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರು ಬರೆಯುವ ಹಾಗಿರಲಿಲ್ಲ. ನೀರೊಳಗಿನ ಹಡಗು ಎಂದಷ್ಟೇ ಗೊತ್ತು. ಆದರೆ ಹೆದರಿದ ಮನೆಗೆ ಆ ವ್ಯತ್ಯಾಸ ತಲೆಗೆ ಹತ್ತುತ್ತದೆಯೇ? ಹಡಗು ಮುಳುಗಿದೆ, ನಮ್ಮವನು ಹಡಗಿನಲ್ಲಿದ್ದಾನೆ. ಅಜ್ಜಿ ಊಟ ಬಿಟ್ಟರು. ಕಣದಲ್ಲಿ ತೂರಿದ ರಾಗಿ ರಾಶಿಯಾಗಿ ಬಿದ್ದಿತ್ತು, ಪೂಜೆ ಮಾಡಿ ಮನೆಗೆ ತುಂಬಲು ಯಾರಿಗೂ ಮನಸ್ಸಿಲ್ಲ.

ಹಾಗಿರುವಾಗ ಒಂದು ಮಧ್ಯಾಹ್ನ ಅಂಚೆಯಣ್ಣ ಬಂದ. ಸೈಕಲ್ಲಿನಿಂದ ಇಳಿಯುವ ಮೊದಲೇ ಕಾಗದವನ್ನು ಮೇಲೆತ್ತಿ ತೋರಿಸಿದ. ಅಪ್ಪ ಕಣದಿಂದ ಓಡಿ ಬಂದರು. ಅಜ್ಜಿ, ಅಮ್ಮ, ನಾನು, ಸೊಂಟದ ಮೇಲಿದ್ದ ತಮ್ಮ, ಅಕ್ಕಪಕ್ಕದವರು, ಎಲ್ಲರೂ ಸುತ್ತ ನಿಂತೆವು. ಅಪ್ಪ ಅಂಚನ್ನು ಹರಿದು, ಬಿಚ್ಚಿ, ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಗಟ್ಟಿಯಾಗಿ ಓದಿದರು. ಅಮ್ಮ ಹೇಗಿದ್ದಾಳೆ, ಈ ವರ್ಷ ರಾಗಿ ಹೇಗೆ, ಸೊಗಡವರೆ ಹೂ ಬಿಟ್ಟಿತೇ, ಕರಿ ಎತ್ತಿನ ಕಾಲು ವಾಸಿಯಾಯಿತೇ, ಪಾಪು ಶಾಲೆಗೆ ಹೋಗುತ್ತಾಳಾ. ಪಾಪು ಎಂದರೆ ನಾನು. ಅಜ್ಜಿ ಅಲ್ಲೇ ಕೂತು ಅತ್ತರು, ನಕ್ಕರು, ಅಂಚೆಯಣ್ಣನಿಗೆ ಒಂದು ಮೊರ ರಾಗಿ ಕೊಡಿಸಿದರು. ಆ ರಾತ್ರಿಯೇ ರಾಶಿಪೂಜೆಯಾಯಿತು.

ಚಿಕ್ಕಪ್ಪನ ಕಾಗದ ಬಂದಾಗಲೆಲ್ಲ ಅಪ್ಪ ಒಂದು ಸಲ ಓದಿ ನನ್ನ ಕೈಗೆ ಕೊಡುವುದು ರೂಢಿ. ನಾನು ಅಜ್ಜಿಗೆ ಮತ್ತೆ ಮತ್ತೆ ಓದಿ ಹೇಳುತ್ತಿದ್ದೆ. ಆ ದಿನ ಕೊಡಲಿಲ್ಲ. ಮಡಿಸಿ ಅಂಗಿಯ ಒಳಜೇಬಿಗೆ ಹಾಕಿಕೊಂಡರು. ಕೇಳಿದ್ದಕ್ಕೆ, "ಆಮೇಲೆ, ಹೋಗು" ಎಂದು ಗದರಿದರು.

ಈಗ ಕೈಯಲ್ಲಿದೆ. ನವೆಂಬರ್ 24, ಯುದ್ಧ ಶುರುವಾಗುವುದಕ್ಕೆ ಒಂಬತ್ತು ದಿನ ಮೊದಲು ಬರೆದದ್ದು. ಅಪ್ಪ ಗಟ್ಟಿಯಾಗಿ ಓದದೆ ಬಿಟ್ಟ ಒಂದು ಸಾಲೂ ಇದೆ. ಇನ್ನು ಸ್ವಲ್ಪ ದಿನ ಕಾಗದ ಬರೆಯಲು ಆಗುವುದಿಲ್ಲ, ಅಮ್ಮನಿಗೆ ಏನಾದರೂ ಹೇಳಿ ಸಮಾಧಾನ ಮಾಡು ಎಂದು. ಆ ಕಾಗದ ತಮ್ಮ ಬದುಕಿದ್ದಾನೆ ಎನ್ನುವುದಕ್ಕೆ ಯಾವ ಆಧಾರವೂ ಆಗಿರಲಿಲ್ಲ. ಅದು ಗೊತ್ತಿದ್ದವರು ಮನೆಯಲ್ಲಿ ಒಬ್ಬರೇ. ಎಲ್ಲರೂ ಉಂಡು ಮಲಗಿದ ಮೇಲೆ ಅಪ್ಪ ಏನು ಮಾಡುತ್ತಿದ್ದರೋ. ನನಗೆ ಈಗ ನೆನಪಾಗುವುದು ಒಂದೇ. ಡಿಸೆಂಬರ್ ಕೊನೆಯಲ್ಲಿ, ಯುದ್ಧ ಮುಗಿದು ಹತ್ತು ಹನ್ನೆರಡು ದಿನವಾದ ಮೇಲೆ, ಕ್ಷೇಮವಾಗಿದ್ದೇನೆಂದು ಚಿಕ್ಕಪ್ಪನ ತಂತಿ ಬಂತು. ಅದಾದ ವಾರದಲ್ಲಿ ಅಪ್ಪ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದರು. ಹರಕೆ ಯಾವಾಗ ಹೊತ್ತೆ ಎಂದು ಅಜ್ಜಿ ಆಶ್ಚರ್ಯಪಟ್ಟಿದ್ದರು. ಕಾಗದ ಆಗಲೇ ಬಂದಿತ್ತಲ್ಲ!

ಆ ದಿನಗಳಲ್ಲಿ ಚಿಕ್ಕಪ್ಪ ಎಲ್ಲಿದ್ದರು? ಅರಬ್ಬೀ ಸಮುದ್ರದಲ್ಲಿ, ಪಾಕಿಸ್ತಾನದ ತೀರದ ಕಡೆ. ನಾಲ್ಕು ಬೋಟುಗಳಲ್ಲಿ ಕಲ್ವರಿ ದುರಸ್ತಿಯಲ್ಲಿತ್ತು, ಖಂಡೇರಿ ಬಂಗಾಳ ಕೊಲ್ಲಿಯಲ್ಲಿ, ಕುರ್ಸುರ ಮತ್ತು ಕರಂಜ್ ಪಶ್ಚಿಮದಲ್ಲಿ. ಕುರ್ಸುರಕ್ಕೆ ಕಮಾಂಡರ್ ಆಡಿಟ್ಟೊ, ಕರಂಜ್‌ಗೆ ಕಮಾಂಡರ್ ವಿ.ಎಸ್. ಶೆಖಾವತ್. ಶೆಖಾವತ್ ಅವರಿಗೆ ಆ ಗಸ್ತಿಗಾಗಿ ವೀರಚಕ್ರ ಬಂತು, ಮುಂದೆ 1993ರಲ್ಲಿ ನೌಕಾಪಡೆಯ ಮುಖ್ಯಸ್ಥರಾದರು. ಆದರೆ ಆ ಯುದ್ಧದಲ್ಲಿ ನಮ್ಮ ಜಲಾಂತರ್ಗಾಮಿಗಳು ಒಂದು ಹಡಗನ್ನೂ ಮುಳುಗಿಸಲಿಲ್ಲ. ಕಾರಣವಿತ್ತು. ಕರಾಚಿಯ ಸುತ್ತಮುತ್ತ ಎಲ್ಲ ದೇಶದ ಸರಕು ಹಡಗುಗಳೂ ಓಡಾಡುತ್ತಿದ್ದವು. ಎದುರಿಗಿರುವುದು ವೈರಿಯ ಯುದ್ಧನೌಕೆಯೇ ಎಂದು ಖಚಿತವಾಗಿ ಗುರುತಿಸದೆ ಟಾರ್ಪಿಡೋ ಬಿಡುವಂತಿಲ್ಲವೆಂದು ಆಜ್ಞೆಯಾಗಿತ್ತು. ಕತ್ತಲಲ್ಲಿ, ದೀಪ ಆರಿಸಿಕೊಂಡು ಹೋಗುವ ಹಡಗನ್ನು ಖಚಿತವಾಗಿ ಗುರುತಿಸುವುದೆಂದರೆ ಅಷ್ಟು ಹತ್ತಿರ ಹೋಗಬೇಕು. ಹೋದರೆ ತಾವೇ ಸಿಕ್ಕಿಬೀಳುತ್ತಾರೆ. ಬೆನ್ನು ಹತ್ತುವುದು, ಆಲಿಸುವುದು, ಬಿಟ್ಟುಬಿಡುವುದು. ಮತ್ತೆ ಕಾಯುವುದು.

ಈ ಆಜ್ಞೆ ಸರಿಯೇ ಎಂಬ ಚರ್ಚೆ ನೌಕಾಪಡೆಯವರಲ್ಲಿ ಬಹಳ ಕಾಲ ನಡೆಯಿತು. ನನಗೆ ಸರಿಯೆಂದೇ ಅನ್ನಿಸುತ್ತದೆ. ಯಾವುದೋ ಬಡದೇಶದ ಸರಕು ಹಡಗಿನ ಅಡುಗೆಯವನೊಬ್ಬ ನಮ್ಮ ಚಿಕ್ಕಪ್ಪನ ಬೋಟಿನ ಟಾರ್ಪಿಡೋಗೆ ಸಿಕ್ಕು ಸಾಯದಿದ್ದುದು ಸಣ್ಣ ವಿಷಯವಲ್ಲ. ಆದರೆ 1972ರ ಜನವರಿಯಲ್ಲಿ ನಮ್ಮೂರಿಗೆ ಅದನ್ನು ಅರ್ಥಮಾಡಿಸುವುದು ಯಾರಿಂದಲೂ ಆಗುತ್ತಿರಲಿಲ್ಲ.

ಗಣರಾಜ್ಯೋತ್ಸವಕ್ಕೆ ಸರಿಯಾಗಿ ಚಿಕ್ಕಪ್ಪ ರಜೆಗೆ ಬಂದಿದ್ದರು. ಶಾಲೆಯಲ್ಲಿ ಸನ್ಮಾನ. ಚಪ್ಪರ ಹಾಕಿ, ಮಾವಿನ ತೋರಣ ಕಟ್ಟಿ, ದೇವನಹಳ್ಳಿಯಿಂದ ಮೈಕು ತರಿಸಿದ್ದರು. ಬಿಳಿಯ ಸಮವಸ್ತ್ರ ಹಾಕಿಕೊಂಡು ಬರಬೇಕೆಂದು ಹೇಳಿ ಕಳಿಸಿದ್ದರು. ಚಿಕ್ಕಪ್ಪ ಪಂಚೆ, ಅಂಗಿಯಲ್ಲೇ ಬಂದರು. ತೆಳ್ಳಗಾಗಿದ್ದರು, ಮುಖ ಹಲಸಿನ ತೊಳೆಯಷ್ಟು ಬಿಳಿಚಿತ್ತು. ಹಾರ, ಶಾಲು, ಒಂದು ತಟ್ಟೆ ಚಕ್ಕೋತ. ಹೆಡ್‌ಮೇಷ್ಟ್ರು ಮೈಕಿನಲ್ಲೇ ಕೇಳಿದರು: "ಎಷ್ಟು ಹಡಗು ಮುಳುಗಿಸಿದ್ರಿ ಅಂತ ನಮ್ ಮಕ್ಕಳಿಗೆ ಹೇಳ್ಬೇಕು."

"ಒಂದೂ ಇಲ್ಲ ಮೇಷ್ಟ್ರೇ" ಎಂದರು ಚಿಕ್ಕಪ್ಪ.

ಮೇಷ್ಟ್ರು ನಕ್ಕರು, ವಿನಯ ಎಂದುಕೊಂಡರು. ಮತ್ತೆ ಕೇಳಿದರು. ಚಿಕ್ಕಪ್ಪ ಮತ್ತೆ ಅದನ್ನೇ ಹೇಳಿದರು. ಜನರಲ್ಲಿ ಗುಸುಗುಸು. ಹಾಗಾದರೆ ಏನು ಮಾಡುತ್ತಿದ್ದಿರಿ ಎಂದು ಹಿಂದಿನಿಂದ ಯಾರೋ ಕೂಗಿದರು. "ಬ್ಯಾಟರಿ ನೋಡ್ಕೊಂತಿದ್ದೆ" ಎಂದು ಹೇಳಿ ಕೂತುಬಿಟ್ಟರು. ಅಲ್ಲಿಂದ ಮುಂದೆ ಊರಿನಲ್ಲಿ ಅವರಿಗೆ 'ಬ್ಯಾಟರಿ ಎಂಜಿನಿಯರ್' ಎಂದು ಹೆಸರಾಯಿತು. ಮುಂದಿನ ವರ್ಷ ಅದೇ ಚಪ್ಪರದಲ್ಲಿ ಪಕ್ಕದ ಹಳ್ಳಿಯ ಹವಾಲ್ದಾರರೊಬ್ಬರು ಎದ್ದುನಿಂತು ಬಂದೂಕಿನ ಸದ್ದನ್ನು ಬಾಯಲ್ಲಿ ಮಾಡಿ ತೋರಿಸುತ್ತ ಕಥೆ ಹೇಳಿದಾಗ ಬಿದ್ದ ಚಪ್ಪಾಳೆ ನನಗೆ ಇನ್ನೂ ಕಿವಿಯಲ್ಲಿದೆ. ಅವರೂ ಪ್ರಾಣ ಒತ್ತೆಯಿಟ್ಟವರೇ. ಆದರೆ ಮುಳುಗಿಸಿದ ಲೆಕ್ಕ ಕೇಳುವ ನಮ್ಮ ಊರಿನ ಹಸಿವು ನನಗೆ ಇಷ್ಟವಾಗುವುದಿಲ್ಲ. ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳುವಾಗ ಯುದ್ಧದ ಅಧ್ಯಾಯ ಬಂದಾಗಲೆಲ್ಲ ಅದು ಎದುರಾಗುತ್ತಿತ್ತು.

ಚಿಕ್ಕಪ್ಪ ಬಾಯಿ ತುಂಬ ಹೊಗಳುತ್ತಿದ್ದ ಒಬ್ಬರೆಂದರೆ ಕರಂಜ್‌ನ ಮೊದಲ ಕಮಾಂಡರ್ ಎಂ.ಎನ್.ಆರ್. ಸಾಮಂತ್. 1971ರ ಮಾರ್ಚ್ ಕೊನೆಯಲ್ಲಿ ಫ್ರಾನ್ಸಿನ ತುಲೋನ್ ಬಂದರಿನಲ್ಲಿದ್ದ ಪಾಕಿಸ್ತಾನದ ಮಾಂಗ್ರೊ ಜಲಾಂತರ್ಗಾಮಿಯಿಂದ ಬಂಗಾಳಿ ನಾವಿಕರು ತಪ್ಪಿಸಿಕೊಂಡು ಭಾರತಕ್ಕೆ ಬಂದರು. ಅವರ ಜೊತೆಗೆ ಬಂಗಾಳದ ಹಳ್ಳಿಯ ಹುಡುಗರನ್ನು ಸೇರಿಸಿ, ಪ್ಲಾಸಿಯ ಹತ್ತಿರ ಭಾಗೀರಥಿ ನದಿಯ ದಡದಲ್ಲಿ ಈಜು, ಸ್ಫೋಟಕ ಕಲಿಸಿ, ಆಗಸ್ಟ್ ನಡುವಿನಲ್ಲಿ ಒಂದೇ ರಾತ್ರಿ ಚಿತ್ತಗಾಂಗ್, ಮೊಂಗ್ಲಾ ಬಂದರುಗಳಲ್ಲಿ ಹಡಗುಗಳನ್ನು ಒಡೆಸಿದ ಕಾರ್ಯಾಚರಣೆಯ ಹಿಂದೆ ಸಾಮಂತ್ ಇದ್ದರು. ಮಹಾವೀರಚಕ್ರ ಪಡೆದರು. "ಎದೆಗೆ ಮೈನ್ ಕಟ್ಕೊಂಡು ಈಜಿದ ಹುಡುಗ್ರು ಕಣಮ್ಮ ಅವ್ರು, ನಾವು ಕಬ್ಬಿಣದೊಳಗೆ ಕೂತಿದ್ವಿ" ಎನ್ನುತ್ತಿದ್ದರು ಚಿಕ್ಕಪ್ಪ.

ಇಲ್ಲಿಯವರೆಗೆ ಬರೆದದ್ದನ್ನು ನೋಡಿದರೆ ಚಿಕ್ಕಪ್ಪ ದೇವರಂಥ ಮನುಷ್ಯ ಎನ್ನಿಸಬಹುದು. ಹಾಗಿರಲಿಲ್ಲ. ಎಂಬತ್ತರ ದಶಕದಲ್ಲಿ ನೌಕಾಪಡೆ ಬಿಟ್ಟು ಬೆಂಗಳೂರಿನಲ್ಲಿ ಕಾರ್ಖಾನೆಯ ಕೆಲಸಕ್ಕೆ ಸೇರಿದರು. ಸಿಡುಕು ಹೆಚ್ಚಿತ್ತು. ಮಕ್ಕಳು ಗಟ್ಟಿಯಾಗಿ ಪಾತ್ರೆ ಇಟ್ಟರೆ ಎದ್ದು ಹೊರಗೆ ಹೋಗುತ್ತಿದ್ದರು. ವಾರದ ಕೊನೆಗೆ ಊರಿಗೆ ಬಂದು ತಮ್ಮ ಪಾಲಿನ ನೆಲದಲ್ಲಿ ದ್ರಾಕ್ಷಿ ಹಾಕಿಸಿದರು, ಬೋರ್‌ವೆಲ್ ಕೊರೆಸಿದರು. ಕೆಲವು ವರ್ಷ ಚೆನ್ನಾಗಿ ಬಂತು. ಆಮೇಲೆ ನೀರು ಕೆಳಕ್ಕೆ ಹೋಯಿತು. ತೊಂಬತ್ತರ ದಶಕದಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬರುತ್ತದೆಂಬ ಮಾತು ಗಟ್ಟಿಯಾಗುತ್ತಿದ್ದಂತೆ ದಲ್ಲಾಳಿಗಳ ಕಾರುಗಳು ಬರತೊಡಗಿದವು. ಚಿಕ್ಕಪ್ಪ ತಮ್ಮ ಪಾಲನ್ನು ಮಾರಿದರು. ಅಣ್ಣನಿಗೆ ಒಂದು ಮಾತು ಹೇಳಲಿಲ್ಲ. ಅಪ್ಪನಿಗೆ ಗೊತ್ತಾದದ್ದು ಬೇರೆಯವರು ಬಂದು ಕಲ್ಲು ನೆಟ್ಟಾಗ.

ಕಾಗದ ಕಾಗದದಲ್ಲೂ ರಾಗಿ, ಅವರೆ, ಎತ್ತಿನ ಕಾಲು ಎಂದು ಕೇಳಿದವರು ಹಾಗೆ ಹೇಗೆ ಮಾರಿದರು ಎಂದು ನಾನು ಬಹಳ ಯೋಚಿಸಿದ್ದೇನೆ. ಸಮುದ್ರದಲ್ಲಿದ್ದಾಗ ಅವರಿಗೆ ನೆಲ ಎಂದರೆ ವಾಪಸ್ ಬರಬೇಕಾದ ಜಾಗ. ವಾಪಸ್ ಬಂದ ಮೇಲೆ ಅದು ಸಾಲ, ಒಣಗಿದ ಬೋರು, ಮಕ್ಕಳ ಫೀಸು. ಇಷ್ಟು ಅರ್ಥವಾಗುತ್ತದೆ. ಆದರೆ ತನ್ನನ್ನು ಓದಿಸಿದ ಅಣ್ಣನಿಗೆ ಹೇಳದೆ ಮಾರಿದ್ದು ತಪ್ಪು, ಅದನ್ನು ಯಾವ ಯುದ್ಧದ ಲೆಕ್ಕಕ್ಕೂ ವಜಾ ಹಾಕಲಾಗುವುದಿಲ್ಲ. ಅಪ್ಪ ಆಮೇಲೆ ತಮ್ಮನ ಮನೆಯ ಹೊಸ್ತಿಲು ತುಳಿಯಲಿಲ್ಲ. ಅಪ್ಪ ಸತ್ತಾಗ ಚಿಕ್ಕಪ್ಪ ಬಂದು ಕೊಟ್ಟಿಗೆಯ ಕಡೆ ನಿಂತಿದ್ದು ಹೋದರು. ಈಗ ಅವರೂ ಇಲ್ಲ. ಅವರು ಮಾರಿದ ನೆಲದಲ್ಲಿ ಬಡಾವಣೆ ಎದ್ದು, ನಂದಿಬೆಟ್ಟ ಕಾಣುತ್ತಿದ್ದ ಕಡೆ ಮೂರಂತಸ್ತಿನ ಮನೆಗಳಿವೆ. ಮೇಲೆ ಎರಡು ನಿಮಿಷಕ್ಕೊಂದು ವಿಮಾನ.

ನಮ್ಮ ಹೋಬಳಿಯಲ್ಲಿ ಸರಕಾರ ಕೇಳಿದ್ದು ಏರೋಸ್ಪೇಸ್ ಮತ್ತು ರಕ್ಷಣಾ ಉದ್ಯಮದ ಪಾರ್ಕಿಗೆ. ದೇಶದ ರಕ್ಷಣೆಗೆ ಎಂದರೂ ಈ ರೈತರು ಜಮೀನು ಬಿಡುವುದಿಲ್ಲವಲ್ಲ ಎಂದು ಟಿವಿಯಲ್ಲಿ ಕೂತು ಆಡಿದವರನ್ನು ಕೇಳಿದಾಗ ನನಗೆ ಮೈ ಉರಿಯುತ್ತಿತ್ತು. ರೇಷ್ಮೆಗೂಡು ಮಾರಿದ ದುಡ್ಡಿನಲ್ಲಿ ಅಪ್ಪ ಒಬ್ಬ ಎಂಜಿನಿಯರನನ್ನು ಬೆಳೆಸಿ ಆ ದೇಶಕ್ಕೇ ಕೊಟ್ಟಿದ್ದರು. ಹಾಗೆ ಕೊಟ್ಟ ಮನೆಗಳು ಈ ಹದಿಮೂರು ಹಳ್ಳಿಗಳಲ್ಲಿ ಇನ್ನೂ ಇವೆ. ಅವರು ಹಾಲು, ಸೊಪ್ಪು, ದ್ರಾಕ್ಷಿ, ಗೂಡು ಬೆಳೆದು ಬದುಕುತ್ತಿದ್ದಾರೆ, ಬೆಂಗಳೂರನ್ನು ಬದುಕಿಸುತ್ತಿದ್ದಾರೆ. ಮಳೆ ಚಳಿಯಲ್ಲಿ ಮೂರು ವರ್ಷ ಕೂತು ಕಾಯುವುದು ಸುಲಭವೆಂದು ನನಗೆ ಯಾರೂ ಹೇಳಬೇಡಿ.

ಆಗಸ್ಟಿನಲ್ಲಿ ಕಾಗದದ ಕಟ್ಟು ತೆಗೆದುಕೊಂಡು ಬೆಂಗಳೂರಿಗೆ ಚಿಕ್ಕಮ್ಮನ ಮನೆಗೆ ಹೋದೆ. ಈಗ ಅವರಿಗೆ ಎಪ್ಪತ್ತೈದರ ಮೇಲೆ. ಕಣ್ಣು ಮಂಜು, ಮಾತು ಚುರುಕು. ಬೇರೆಯಾಗಿದ್ದ ಆ ಒಂದನ್ನು ಓದಿ ಹೇಳಿದೆ, ತಾರೀಖನ್ನೂ ಹೇಳಿದೆ, ತಿರುಪತಿಯ ಮುಡಿಯನ್ನೂ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. "ಭಾವ ಇದನ್ನ ಒಂದ್ ಸಲ ಇವರಿಗೆ ಹೇಳಿದ್ರೆ ಆ ನೆಲ ಮಾರ್ತಿರಲಿಲ್ಲ ಕಣೆ" ಎಂದರು. ಸ್ವಲ್ಪ ತಡೆದು, "ಹೇಳೋ ಜನವಾ ಅವ್ರು? ಇಬ್ರೂ ಒಂದೇ ಥರ" ಎಂದರು.

ಆಮೇಲೆ ಅವರೇ ವಿಶಾಖಪಟ್ಟಣದ ರಾತ್ರಿಯ ಕಥೆ ತೆಗೆದರು. ಮದುವೆಯಾಗಿ ಒಂದು ವರ್ಷ, ಗಂಡ ಬಾಂಬೆ ಕಡೆ ಹೋಗಿದ್ದಾರೆ ಎಂದಷ್ಟೇ ಗೊತ್ತು. ನಮ್ಮ ಸೀಮೆಯ ಸಂತೆ ತೆಲುಗಿನಲ್ಲಿ ಅಲ್ಲಿ ತರಕಾರಿ ಕೊಂಡು ದಿನ ದೂಡುತ್ತಿದ್ದರು. ಡಿಸೆಂಬರ್ 3 ಮುಗಿದು 4 ಹುಟ್ಟುವ ಹೊತ್ತಿಗೆ ಸಮುದ್ರದ ಕಡೆಯಿಂದ ಭಾರೀ ಸದ್ದು. ಕಿಟಕಿಯ ಗಾಜು ಅದುರಿದವು. ಸಾಲುಮನೆಯ ಹೆಂಗಸರೆಲ್ಲ ಒಂದೇ ಮನೆಯಲ್ಲಿ ಸೇರಿ ಬೆಳಗಿನವರೆಗೆ ಕೂತರು. ಬೆಳಿಗ್ಗೆ ಮೀನುಗಾರರು ಲೈಫ್ ಜಾಕೆಟ್ಟು, ಚೂರುಪಾರು ತಂದು ಕೊಟ್ಟರಂತೆ, ಮುಳುಗಿದ್ದು ಸಬ್‌ಮರೀನ್ ಅಂತೆ ಎಂದು ಸುದ್ದಿ. ಅಲ್ಲಿದ್ದವರೆಲ್ಲರ ಗಂಡಂದಿರೂ ಸಬ್‌ಮರೀನಿನವರೇ.

ಮುಳುಗಿದ್ದು ಪಾಕಿಸ್ತಾನದ ಘಾಜಿ. ಅಮೆರಿಕ 1944ರಲ್ಲಿ ನೀರಿಗಿಳಿಸಿದ್ದ ಡಯಾಬ್ಲೊ ಎಂಬ ಬೋಟು, ಅರವತ್ತರ ದಶಕದಲ್ಲಿ ಪಾಕಿಸ್ತಾನಕ್ಕೆ ಬಂದಿತ್ತು. ನಮ್ಮ ವಿಮಾನವಾಹಕ ನೌಕೆ ವಿಕ್ರಾಂತನನ್ನು ಹುಡುಕಿ ಹೊಡೆಯಲು ನವೆಂಬರ್ 14ರಂದು ಕರಾಚಿ ಬಿಟ್ಟು ಶ್ರೀಲಂಕಾ ಸುತ್ತಿ ಬಂದಿತ್ತು. ವಿಕ್ರಾಂತ ಅಷ್ಟರಲ್ಲಿ ಅಂಡಮಾನಿನ ಕಡೆ ಸರಿದಿತ್ತು. ಐಎನ್‌ಎಸ್ ರಜಪೂತ್ ಹಾಕಿದ ಸಿಡಿಗುಂಡುಗಳಿಂದ ಅದು ನಾಶವಾಯಿತೆಂದು ನಮ್ಮವರು, ಅದು ಹಾಸಿದ ಮೈನೇ ಸಿಡಿಯಿತೆಂದು ಅವರು. ಬ್ಯಾಟರಿಯ ಜಲಜನಕ ಹೊತ್ತಿಕೊಂಡಿರಬೇಕೆಂಬ ವಾದವೂ ಇದೆ. ಚಿಕ್ಕಪ್ಪ ನಂಬಿದ್ದು ಈ ಮೂರನೆಯದನ್ನು. ಸಾಯುವ ತನಕ ಚಿಕ್ಕಮ್ಮನಿಗೆ ಅದರ ಲೆಕ್ಕ ಹೇಳುತ್ತಿದ್ದರಂತೆ: ಎಷ್ಟು ಹೊತ್ತು ನೀರೊಳಗೆ ಇದ್ದಿರಬೇಕು, ಹಳೆಯ ಬ್ಯಾಟರಿ, ಆ ಮೀಟರಿನ ಮುಂದೆ ಕೂತ ಹುಡುಗ ಎಷ್ಟು ದಿನದಿಂದ ನಿದ್ದೆಗೆಟ್ಟಿದ್ದನೋ. ತೊಂಬತ್ತಕ್ಕೂ ಹೆಚ್ಚು ಜನ, ಒಬ್ಬರೂ ಉಳಿಯಲಿಲ್ಲ. 2017ರಲ್ಲಿ ಘಾಜಿಯ ಮೇಲೆ ಸಿನಿಮಾ ಬಂದಾಗ ಮೊಮ್ಮಕ್ಕಳು ಕರೆದರೂ ಚಿಕ್ಕಮ್ಮ ಹೋಗಲಿಲ್ಲ.

"ಅದು ಅವರದ್ದು ಅಂತ ಗೊತ್ತಾದಾಗ ನಾವು ಸಕ್ಕರೆ ಹಂಚಿದ್ವಿ" ಎಂದರು. "ಸುಳ್ಳ್ಯಾಕೆ ಹೇಳ್ಲಿ? ನಮ್ಮವರದ್ದಲ್ಲವಲ್ಲ ಅಂತ ಹಂಚಿದ್ವಿ. ಆಮೇಲೆ ಇವರು ಬಂದ್ರು. ನಾನು ಖುಷಿಯಿಂದ ಹೇಳಿದೆ. ಒಳಗೆ ಏನಾಗಿರುತ್ತೆ ಗೊತ್ತೇನೆ ಅಂತ ಕೂತ್ಕೊಂಡು ಒಂದೊಂದೇ ಹೇಳಿದ್ರು. ಮೊದ್ಲು ಯಾವ ಕೋಣೆ, ಆಮೇಲೆ ಯಾವ ಕೋಣೆ."

ನೌಕಾಪಡೆಯ ಹೊಸ ರಕ್ಷಣಾ ನೌಕೆ ಘಾಜಿಯ ಅವಶೇಷವನ್ನು ಕಂಡಿದೆ ಎಂದು 2024ರ ಫೆಬ್ರವರಿಯಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ತೀರದಿಂದ ಎರಡು ಎರಡೂವರೆ ಕಿಲೋಮೀಟರ್, ಸುಮಾರು ನೂರು ಮೀಟರ್ ಆಳ. ಸತ್ತವರಿಗೆ ಗೌರವವೆಂದು ಅದನ್ನು ಮುಟ್ಟದೆ ಬಂದರು. ಚಿಕ್ಕಮ್ಮನಿಗೆ ಇದು ಗೊತ್ತಿರಲಿಲ್ಲ. ಹೇಳಿದೆ. ಅಷ್ಟು ಹತ್ತಿರವಾ ಎಂದು ಎರಡು ಸಲ ಕೇಳಿದರು.

"ಮುಟ್ಟಲಿಲ್ಲ ತಾನೆ?"

"ಇಲ್ಲ ಚಿಕ್ಕಮ್ಮ."

"ಒಳ್ಳೇದು ಮಾಡಿದ್ರು ಬಿಡು. ಇವರಿದ್ದಿದ್ರೂ ಅದನ್ನೇ ಹೇಳ್ತಿದ್ರು" ಎಂದು ಎದ್ದು, ಊಟಕ್ಕೆ ಅವರೆಕಾಳು ಹಿಸುಕಬೇಕು, ಬಾ, ಕೂತ್ಕೊ ಎಂದು ಒಳಗೆ ಕರೆದರು.